ಬೆನ್ನುನೋವನ್ನು ಕರೆದುಕೊಂಡು ಕಾಸಿಮೇಡಿಗೆ

ಏಪ್ರಿಲ್ ತಿಂಗಳ ಮೊದಲ ಭಾನುವಾರ, ಬೆಳಗಿನ ಜಾವ ನಾಲ್ಕು ಗಂಟೆ ಐದು ನಿಮಿಷ. ತಾಂಬರಂ ನಿಲ್ದಾಣದ ಮೇಲ್ಸೇತುವೆಯ ಬುಡದಲ್ಲಿ ಹಾಜರಿದ್ದವರು ಇಬ್ಬರು, ನಾನು ಮತ್ತು ನನ್ನ ಹೆಂಡತಿ. ನನ್ನ ಹೆಗಲಲ್ಲಿ ಖಾಲಿ ಮೀನಿನ ಚೀಲ, ನೀರಿನ ಬಾಟಲಿ, ಮಡಚುವ ಸಣ್ಣ ಸ್ಟೂಲು. ಅವಳ ಕೈ ಖಾಲಿ. ಹಾಗಿರಬೇಕೆಂದು ಹಿಂದಿನ ದಿನವೇ ತೀರ್ಮಾನವಾಗಿತ್ತು.

"ಹ್ವಾಯ್, ಕೈ ಹಿಡ್ಕಂಬುದ್ ಬ್ಯಾಡ," ಎಂದಳು. "ಬೀಳುದಿಲ್ಲೆ ನಾನ್."

"ನೋವಿತ್ತಾ?"

"ಇತ್ತ್. ಅದೂ ಬತ್ತಿತ್. ಬರ್ಲಿ, ಅದ್ಕೆ ಟಿಕೇಟ್ ಬ್ಯಾಡ."

ಮೂರು ವರ್ಷಗಳಿಂದ ಅವಳು ಕಾಸಿಮೇಡಿನ ಮೀನುಬಂದರಿನ ಮುಖ ಕಂಡಿರಲಿಲ್ಲ. ಅದಕ್ಕೆ ಮುಂಚೆ ಒಂದು ಭಾನುವಾರವೂ ತಪ್ಪಿಸಿದವಳಲ್ಲ. ಕುಂದಾಪುರದ ಕಡಲ ಬದಿಯಿಂದ ಮದುವೆಯಾಗಿ ಈ ಊರಿಗೆ ಬಂದಾಗ ಅವಳಿಗೆ ಒಂದಕ್ಷರ ತಮಿಳು ಗೊತ್ತಿರಲಿಲ್ಲ. ಅದನ್ನು ಅವಳು ಕಲಿತದ್ದು ಪಕ್ಕದ ಮನೆಯವರಿಂದಲ್ಲ, ಬಂದರಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರಿಂದ. ಮೊದಲ ಲೋಕಲ್ ಹತ್ತಿ ಬೀಚ್ ನಿಲ್ದಾಣ, ಅಲ್ಲಿಂದ ಆಟೊ, ಹರಾಜಿನ ಗದ್ದಲದಲ್ಲಿ ಒಂದು ಗಂಟೆ, ಎಂಟರೊಳಗೆ ಮನೆ. ನಾನು ಡ್ಯೂಟಿಯಲ್ಲಿದ್ದರೂ ಇಲ್ಲದಿದ್ದರೂ ಅವಳ ಈ ಓಡಾಟಕ್ಕೆ ತಡೆ ಇರಲಿಲ್ಲ.

ಏಪ್ರಿಲ್ ಮಧ್ಯಕ್ಕೆ ಈ ಕಡಲಿನಲ್ಲಿ ಯಂತ್ರದೋಣಿಗಳಿಗೆ ಎರಡು ತಿಂಗಳ ನಿಷೇಧ ಬೀಳುತ್ತದೆ. ಜನವರಿಯಲ್ಲೇ ಅವಳು ಹೇಳಿಬಿಟ್ಟಿದ್ದಳು. "ಬಂದ್ ಆಪು ಮುಂಚೆ ಒಂದ್ ಸಲ ನನ್ ಕಾಲಲ್ಲೇ ಹೋಯ್ಕ್. ಆಯ್ಲಿಲ್ಲೆ ಅಂದ್ರೆ ಮತ್ತೆ ಆ ಆಸೆ ಬಿಡ್ತೆ. ನೀವ್ ತಂದ್ ಮೀನನ್ನೇ ತಿಂತೆ."

ಹೇಳಿದಂತೆ ನಡೆಯುವ ಹೆಂಗಸು ಅವಳು. ಆಸೆ ಬಿಡುತ್ತೇನೆ ಎಂದರೆ ಬಿಟ್ಟೇ ಬಿಡುತ್ತಾಳೆ. ನನಗೆ ಹೆದರಿಕೆ ಇದ್ದದ್ದು ಅವಳ ಬೆನ್ನಿನ ಬಗ್ಗೆ ಅಲ್ಲ, ಆ ಮಾತಿನ ಬಗ್ಗೆ.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬೀಚ್–ತಾಂಬರಂ ದಾರಿಯಲ್ಲಿ ಲೋಕಲ್ ರೈಲು ಓಡಿಸಿದ ಮೋಟರ್‌ಮನ್. ನಿವೃತ್ತಿಯಾದರೂ ಏಳುವುದು ನಾಲ್ಕಕ್ಕೆ, ಸ್ನಾನ ನಾಲ್ಕೂವರೆಗೆ, ಕಾಫಿ ಐದಕ್ಕೆ. ಹೊತ್ತು ತಪ್ಪಿದರೆ ನನಗೆ ಮೈಯೆಲ್ಲ ಕಸಿವಿಸಿ. ಈ ಶಿಸ್ತಿನಿಂದ ನನಗೆ ಜೀವನದಲ್ಲಿ ಲಾಭವೇ ಆಗಿದೆ. ಅವಳಿಗೆ ಮಾತ್ರ ಅದರಿಂದ ಎರಡು ವರ್ಷ ನಷ್ಟವಾಯಿತು.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ನಮ್ಮ ಬೀದಿಗೆ ನೀರು ನುಗ್ಗಿತು. ನಾವು ನೆಲಮಹಡಿಯಲ್ಲಿರುವವರು. ನಾನು ಸ್ಕೂಟರನ್ನು ಎತ್ತರದ ಜಾಗಕ್ಕೆ ಬಿಟ್ಟುಬರುವಷ್ಟರಲ್ಲಿ ಅವಳು ಅಕ್ಕಿಯ ಡ್ರಮ್ಮನ್ನು ಒಬ್ಬಳೇ ಮಂಚದ ಮೇಲೆ ಎತ್ತಿಟ್ಟಿದ್ದಳು. ಅಕ್ಕಿ ಉಳಿಯಿತು. ಅವಳು ನೇರ ನಿಲ್ಲಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

ಡಾಕ್ಟರು ಸ್ನಾಯು ಉಳುಕಿದೆ, ಕೆಲವು ವಾರದಲ್ಲಿ ಸರಿಹೋಗುತ್ತದೆ ಎಂದರು. ಹೋಗಲಿಲ್ಲ. ನಾಲ್ಕು ತಿಂಗಳಾದ ಮೇಲೆ ಸ್ಕ್ಯಾನ್ ತೆಗೆಸಿದೆವು. ಈ ವಯಸ್ಸಿನ ಯಾರ ಬೆನ್ನಿನಲ್ಲೂ ಕಾಣುವ ಸವೆತ ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಅದನ್ನು ಕೇಳಿ ಊರಿನಿಂದ ಅವಳ ಅತ್ತಿಗೆ ಫೋನಿನಲ್ಲಿ ನಕ್ಕು, "ಕೆಲ್ಸ ತಪ್ಸುಕೆ ಒಳ್ಳೆ ಉಪಾಯ ಮಾರಾಯ್ತಿ," ಎಂದಳಂತೆ. ತಮಾಷೆಗೇ ಅಂದದ್ದು. ಆದರೆ ಅಂದು ಮಧ್ಯಾಹ್ನ ಇವಳು ಊಟ ಮಾಡಲಿಲ್ಲ.

ಸ್ಕ್ಯಾನಿನಲ್ಲಿ ಏನೂ ಇಲ್ಲ, ನೋವು ಮಾತ್ರ ಇದೆ. ಇದು ನನಗೆ ಅರ್ಥವಾಗದ ಸ್ಥಿತಿ. ಅರ್ಥವಾಗದ್ದನ್ನು ನಾನು ಟೈಂಟೇಬಲ್‌ಗೆ ಹಾಕುತ್ತೇನೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೇಲು ಹಿಡಿದು ಗೆರೆ ಎಳೆದು ಬರೆದು ಅಡಿಗೆಮನೆಯಲ್ಲಿ ಅಂಟಿಸಿದೆ. ಬಗ್ಗಕೂಡದು, ನೆಲದಲ್ಲಿ ಕೂರಕೂಡದು, ಎರಡು ಕಿಲೋ ಮೇಲ್ಪಟ್ಟು ಎತ್ತಕೂಡದು, ಮಾರುಕಟ್ಟೆಗೆ ಹೋಗಕೂಡದು. ಬೆಳಿಗ್ಗೆ ಹತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ನಾಲ್ಕು ಮಲಗುವುದು. ಇದರ ಜೊತೆ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆಯುವ ಒಂದು ರಿಜಿಸ್ಟರು. ಮೂರು ಗಂಟೆಗೊಮ್ಮೆ ಪೆನ್ನು ಹಿಡಿದು ಅವಳ ಮುಂದೆ ನಿಲ್ಲುತ್ತಿದ್ದೆ.

"ಹತ್ತಕ್ಕೆ ಎಷ್ಟ್?"

"ಆರ್."

"ಬೆಳಿಗ್ಗೆ ಐದಿತ್ತಲ್ಲ?"

"ಹಂಗಾರೆ ಐದೂವರೆ ಬರ್ಕಣಿ."

ಅವಳು ಎಲ್ಲಕ್ಕೂ ಒಪ್ಪಿ ನಡೆದಳು. ಒಂದು ವರ್ಷದೊಳಗೆ ನೋವು ಸೊಂಟಕ್ಕಿಳಿಯಿತು, ಆಮೇಲೆ ತೊಡೆಗೆ. ಗೇಟಿನವರೆಗೆ ಹೋಗಿಬಂದರೆ ಏದುಸಿರು. ಭಾನುವಾರ ಬಂದರಿಗೆ ಮೀನಿಗಾಗಿ ನಾನು ಹೋಗುತ್ತಿದ್ದೆ. ತಂದದ್ದನ್ನು ಅವಳು ಮಂಚದಿಂದಲೇ ಮೂಸಿ, "ಇದ್ ಮೊನ್ನೆಯ ಮೀನ್," ಎನ್ನುತ್ತಿದ್ದಳು. ಹೆಚ್ಚಿನ ಸಲ ಸರಿಯಾಗಿಯೇ ಹೇಳುತ್ತಿದ್ದಳು.

ಎರಡನೆಯ ವರ್ಷದ ಕೊನೆಗೆ ಫಿಸಿಯೊಥೆರಪಿಗೆ ಹೋದೆವು. ನಮ್ಮ ಮಗಳಿಗಿಂತ ಚಿಕ್ಕ ಹುಡುಗಿ, ತಮಿಳಿನವಳು. ನಾನು ರಿಜಿಸ್ಟರನ್ನು ಮೇಜಿನ ಮೇಲಿಟ್ಟೆ. ಅವಳು ಎಂಟು ಹತ್ತು ಹಾಳೆ ತಿರುವಿ ಕೇಳಿದಳು, "ಸಾರ್, ನೋವು ಅಮ್ಮನಿಗೋ ನಿಮಗೋ?"

ನನ್ನ ಹೆಂಡತಿ ಎಷ್ಟೋ ತಿಂಗಳ ಮೇಲೆ ಬಾಯ್ತುಂಬ ನಕ್ಕಳು. ನಗುವಾಗ ಬೆನ್ನು ಹಿಡಿದುಕೊಳ್ಳಲಿಲ್ಲ. ಆ ಹುಡುಗಿ ಅದನ್ನು ಗಮನಿಸಿದಳು, ನಾನು ಗಮನಿಸಲಿಲ್ಲ.

ಆಮೇಲೆ ಅವಳು ನಿಧಾನವಾಗಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಅಮ್ಮನ ನೋವು ಸುಳ್ಳಲ್ಲ, ಸೋಗೂ ಅಲ್ಲ. ಆದರೆ ಡ್ರಮ್ಮು ಎತ್ತಿದ ದಿನದ ಗಾಯ ಎಂದೋ ಮಾಗಿದೆ. ಬೆನ್ನು ಹಾಳಾಗಿಲ್ಲ, ಅದಕ್ಕೆ ಹೆದರಿಕೆ ಅಭ್ಯಾಸವಾಗಿದೆ. ಬಗ್ಗಿದರೆ ಏನೋ ಆಗುತ್ತದೆ ಎಂದು ನರಗಳು ಮೊದಲೇ ಕೂಗಿಕೊಳ್ಳುತ್ತವೆ. ನೀವು ಮಲಗಿಸಿದಷ್ಟೂ ಸ್ನಾಯು ಸೊರಗುತ್ತದೆ, ದಿನಕ್ಕೆ ಐದು ಸಲ ನೋವೆಷ್ಟೆಂದು ಕೇಳಿದಷ್ಟೂ ಕೂಗು ಹೆಚ್ಚುತ್ತದೆ. ಮೆಲ್ಲಮೆಲ್ಲಗೆ ಓಡಾಡಬೇಕು, ಅಷ್ಟೇ ದಾರಿ.

ನಾನು ಒಪ್ಪಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ, "ಕೆಂಪು ದೀಪ ಕಂಡ್ರೂ ಗಾಡಿ ಬಿಡಿ ಅಂಬ್ರಲ್ಲ. ಇದೆಂತ ವೈದ್ಯ?"

ಅವಳು ಕುರ್ಚಿಯಲ್ಲಿ ಕೂತು ನನ್ನನ್ನು ನೋಡಿದಳು. "ಯಾವ್ ಕೆಂಪ್?"

"ಯಾವ್ ಕೆಂಪ್ ಅಂದ್ರೆ?"

"ನೀವೇ ಹೇಳ್ತಿದ್ರಿ ಅಲ್ದಾ? ಎರಡ್ ನಮೂನಿ ಇತ್ತಂಬ್ರ್. ಸ್ಟೇಶನ್ನಿನವ್ರ್ ಹಾಕದ್ದ್ ಒಂದ್, ಅದ್ರ್ ಪಾಡಿಗೆ ಅದೇ ಬೀಳುದ್ ಇನ್ನೊಂದ್. ಎರಡ್ನೇದ್ರಾಗೆ ನೀವ್ ಎಂತ ಮಾಡ್ತಿದ್ರಿ?"

ರೈಲಿನ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ನಿಲ್ದಾಣದವರ ಕೈಯಲ್ಲಿರುವ ಸಿಗ್ನಲ್ ಕೆಂಪಾದರೆ ಅನುಮತಿ ಬರುವವರೆಗೆ ಕದಲುವಂತಿಲ್ಲ. ನಮ್ಮ ಲೋಕಲ್ ದಾರಿಯಲ್ಲಿ ಹೆಚ್ಚಿನವು ಅಂಥವಲ್ಲ. ಕಂಬದಲ್ಲಿ 'ಎ' ಎಂಬ ಅಕ್ಷರದ ಫಲಕ ಇರುತ್ತದೆ, ಅವು ತಾವಾಗಿಯೇ ಬದಲಾಗುವ ಆಟೊಮ್ಯಾಟಿಕ್ ಸಿಗ್ನಲ್‌ಗಳು. ಮುಂದೆ ಗಾಡಿ ಇದ್ದರೂ ಕೆಂಪು, ದಾರಿ ಖಾಲಿ ಇದ್ದು ಎಲ್ಲೋ ತಂತಿ ಕೆಟ್ಟರೂ ಕೆಂಪು. ಆದ್ದರಿಂದ ಅಲ್ಲಿ ನಿಯಮ ಬೇರೆ. ಹಗಲಾದರೆ ಒಂದು ನಿಮಿಷ, ರಾತ್ರಿಯಾದರೆ ಎರಡು ನಿಮಿಷ ನಿಲ್ಲಬೇಕು. ಆಮೇಲೆ ಸೀಟಿ ಊದಿ, ಎಲ್ಲಿ ಬೇಕಾದರೂ ನಿಲ್ಲಿಸುವ ತಯಾರಿಯಲ್ಲಿ, ಮೆಲ್ಲಗೆ ಮುಂದೆ ಹೋಗಬೇಕು. ನಿಂತೇ ಇದ್ದರೆ ಹಿಂದಿನ ಗಾಡಿಗಳೆಲ್ಲ ಸಾಲುಗಟ್ಟಿ ಇಡೀ ಊರು ನಿಲ್ಲುತ್ತದೆ. ಈ ನಿಯಮವನ್ನು ನಾನು ಸಾವಿರಾರು ಸಲ ಪಾಲಿಸಿದವನು, ಹೊಸಬರಿಗೆ ಕಲಿಸಿದವನು. ಮನೆಯಲ್ಲಿ ಮಾತ್ರ ಎರಡು ವರ್ಷ ತಪ್ಪು ಸಿಗ್ನಲ್ಲಿನ ಮುಂದೆ ಗಾಡಿ ನಿಲ್ಲಿಸಿಕೊಂಡು ಕೂತಿದ್ದೆ. ಗಾಡಿಯಲ್ಲಿ ಇದ್ದವಳು ಅವಳು.

ಕ್ಯಾಲೆಂಡರನ್ನು ಅಂದೇ ಹರಿದೆ. ಹೊಸದೊಂದು ಬರೆಯಲು ಸ್ಕೇಲು ತೆಗೆದಾಗ ಅವಳು ತಡೆಯಲಿಲ್ಲ. "ಬರೀರಿ, ಬರೀದಿದ್ರೆ ನಿಮ್ಗೆ ಉಂಡದ್ ಕರಗುದಿಲ್ಲೆ. ನಾನ್ ಹೇಳದ್ದ್ ಮಾತ್ರ ಬರೀಕ್," ಎಂದಳು.

ಮೊದಲ ವಾರ ನಾಲ್ಕು ನಿಮಿಷ ನಡಿಗೆ. ಗೇಟಿನಿಂದ ಇಸ್ತ್ರಿ ಅಂಗಡಿ, ಅಲ್ಲಿಂದ ಹಿಂದಕ್ಕೆ. ವಾರಕ್ಕೊಂದು ನಿಮಿಷ ಹೆಚ್ಚು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೊದಲು ಐದು ಸಲ. ಗೋಡೆಗೆ ಕೈ ಊರಿ ತಳ್ಳುವುದು. ನೋವು ಕಡಿಮೆಯಿದ್ದ ದಿನವೂ ಹೆಚ್ಚು ಮಾಡಬಾರದು, ಹೆಚ್ಚಿದ್ದ ದಿನವೂ ಪೂರ್ತಿ ಬಿಡಬಾರದು ಎಂದು ಫಿಸಿಯೊ ಹುಡುಗಿ ಒತ್ತಿ ಹೇಳಿದ್ದಳು. ಎರಡನೆಯದನ್ನು ನಾವು ಪಾಲಿಸಿದೆವು. ಮೊದಲನೆಯದರಲ್ಲಿ ಇವಳು ಜಾರಿದಳು. ನವೆಂಬರಿನಲ್ಲಿ ಒಂದು ದಿನ ಬೆನ್ನು ಹಗುರವಾಗಿದೆ ಎಂದು ಅಡಿಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ತೊಳೆದು, ಒರೆಸಿ, ಮೇಲಿಟ್ಟು, ಮುಂದಿನ ಮೂರು ದಿನ ಮಗ್ಗುಲು ತಿರುಗಲಾರದೆ ಮಲಗಿದಳು.

"ಸಾಕಾಯ್ತಾ ಈಗ?" ಎಂದೆ. ಕೋಪದಲ್ಲೇ ಅಂದೆ.

"ಡಬ್ಬ ಕಾಣಿ ಹೆಂಗ್ ಹೊಳಿತಿತ್," ಎಂದಳು, ಮಲಗಿದಲ್ಲಿಂದಲೇ.

ಇನ್ನೊಂದು ಸಂಗತಿಯನ್ನೂ ಬರೆಯಬೇಕು. ಒಂದು ದಿನ ಫಿಸಿಯೊ ಹುಡುಗಿ, "ಸಾರ್, ನೀವೂ ಮಾಡಿ ತೋರಿಸಿ," ಎಂದು ನೆಲದಲ್ಲಿ ಕೂರಿಸಿದಳು. ಕೈ ಊರದೆ ಏಳಲು ನನ್ನಿಂದಾಗಲಿಲ್ಲ. ಬಲಗಾಲಲ್ಲಿ ಒಂಟಿಯಾಗಿ ನಿಲ್ಲಲು ಹೋಗಿ ಮೂರು ಎಣಿಸುವಷ್ಟರಲ್ಲಿ ಕಪಾಟು ಹಿಡಿದೆ. ದಿನವೂ ನಾಲ್ಕಕ್ಕೆ ಏಳುವವನು, ಹೊತ್ತಿಗೆ ಸರಿಯಾಗಿ ಉಣ್ಣುವವನು, ಆದ್ದರಿಂದ ಗಟ್ಟಿಮುಟ್ಟಾಗಿದ್ದೇನೆ ಎಂದುಕೊಂಡಿದ್ದೆ. ಅರ್ಧ ಆಯುಷ್ಯ ಮೋಟರ್‌ಮನ್ನನ ಸೀಟಿನಲ್ಲಿ ಕೂತವನ ಕಾಲಿನಲ್ಲಿ ಬಲ ಎಲ್ಲಿಂದ ಬರಬೇಕು? ಅಂದಿನಿಂದ ಬೆಳಿಗ್ಗೆ ಐದೂವರೆಗೆ ಇಬ್ಬರೂ ಎದುರುಬದುರು ಕುರ್ಚಿ ಹಾಕಿಕೊಂಡು ಎದ್ದು ಕೂರುತ್ತೇವೆ. ಎಣಿಸುವುದು ಅವಳ ಕೆಲಸ. ನನ್ನದನ್ನು ಎಣಿಸುವಾಗ ಏಳಾದ ಮೇಲೆ ಮತ್ತೆ ಏಳು ಎನ್ನುತ್ತಾಳೆ.

ಜನವರಿಯಿಂದ ಗುರಿ ಕಾಸಿಮೇಡು. ಸಂಜೆ ನಿಲ್ದಾಣಕ್ಕೆ ಹೋಗಿ ಮೇಲ್ಸೇತುವೆಯ ಮೆಟ್ಟಿಲು ಹತ್ತುವ ಅಭ್ಯಾಸ. ಮೊದಲ ದಿನ ಹತ್ತು ಮೆಟ್ಟಿಲು ಹತ್ತಿ ಹಿಂದೆ ಬಂದೆವು. ನನ್ನ ಜೊತೆ ಕೆಲಸ ಮಾಡಿದವರು ಕಂಡು, "ಎಲ್ಲಿಗೆ ಸಾರ್ ಪ್ರಯಾಣ?" ಎನ್ನುತ್ತಿದ್ದರು. "ಮೇಲಕ್ಕೆ," ಎನ್ನುತ್ತಿದ್ದಳು ಇವಳು ತಮಿಳಿನಲ್ಲಿ. ಮಾರ್ಚಿನ ಹೊತ್ತಿಗೆ ಪೂರ್ತಿ ಹತ್ತಿ ಇಳಿಯುವಂತಾದಳು. ನೋವು ಹೋಗಿರಲಿಲ್ಲ. ಈಗಲೂ ಹೋಗಿಲ್ಲ. ಹೋಗಬೇಕೆಂಬ ಹಟ ಇಬ್ಬರಲ್ಲೂ ಕಡಿಮೆಯಾಗಿತ್ತು.

ಆ ಭಾನುವಾರಕ್ಕೆ ಬರುತ್ತೇನೆ. ಅರ್ಧ ಮೆಟ್ಟಿಲು ಹತ್ತಿ, ಒಂದು ನಿಮಿಷ ಕಂಬಿ ಹಿಡಿದು ನಿಂತು, ಉಳಿದರ್ಧ ಹತ್ತಿದಳು. ನಾಲ್ಕೂಕಾಲರ ಗಾಡಿ ಸಿಕ್ಕಿತು. ಗಿಂಡಿ ನಿಲ್ದಾಣ ಬಂದಾಗ ಎದ್ದು ನಿಂತಳು, ಮಾಂಬಲಂ ದಾಟಿದ ಮೇಲೆ ಕೂತಳು. ಕೂತಲ್ಲೇ ಕೂತರೆ ಬೆನ್ನು ಮರಗಟ್ಟುತ್ತದೆ. ಬೀಚ್ ನಿಲ್ದಾಣದಿಂದ ಆಟೊದಲ್ಲಿ ಹೋದ ರಸ್ತೆಯೇ ಎಲ್ಲಕ್ಕಿಂತ ಕಷ್ಟ. ಪ್ರತಿ ಗುಂಡಿಗೂ ಅವಳ ಬೆರಳು ನನ್ನ ಮಣಿಕಟ್ಟನ್ನು ಒತ್ತುತ್ತಿತ್ತು. ಕೈ ಹಿಡಿಯಬೇಡಿ ಎಂದವಳು ತಾನೇ ಹಿಡಿದಿದ್ದಳು.

ಬಂದರಿನಲ್ಲಿ ಬೆಳಕು ಹರಿದಿರಲಿಲ್ಲ, ಹರಾಜು ಜೋರಾಗಿತ್ತು. ಅವಳ ಹಳೆಯ ಮೀನಿನವಳು ಅದೇ ಜಾಗದಲ್ಲಿ, ಅದೇ ನೀಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಬುಟ್ಟಿ ಹರಡಿಕೊಂಡು ಕೂತಿದ್ದಳು. ಇವಳನ್ನು ಕಂಡು ಕೈಯ ಮಂಜುಗಡ್ಡೆ ಕೆಳಗಿಟ್ಟು ಎದ್ದಳು.

"ಎನ್ನಾ ಅಕ್ಕಾ, ಇತ್ತನೆ ನಾಳಾ ಆಳೇ ಕಾಣೋಮ್." ಇಷ್ಟು ದಿನ ಆಸಾಮಿಯೇ ಇಲ್ಲವಲ್ಲ ಎಂದು. ಆಮೇಲೆ ನನ್ನತ್ತ ಗದ್ದ ತೋರಿಸಿ, "ಸಾರು ಮೀನೆ ಪಾಕ್ಕ ಮಾಟ್ಟಾರು ಅಕ್ಕಾ, ವಾಚ್ಚೆ ತಾನ್ ಪಾಪ್ಪಾರು." ಸಾರ್ ಮೀನನ್ನು ನೋಡುವವರೇ ಅಲ್ಲ, ಗಡಿಯಾರವನ್ನು ಮಾತ್ರ ನೋಡುತ್ತಾರೆ ಎಂದಳು. ಸುತ್ತಲಿನ ಹೆಂಗಸರೆಲ್ಲ ನಕ್ಕರು. ಇಷ್ಟು ದಿನ ಮೊನ್ನೆಯ ಮೀನು ನನ್ನ ಚೀಲಕ್ಕೆ ಹೇಗೆ ಬೀಳುತ್ತಿತ್ತೆಂದು ಆಗ ತಿಳಿಯಿತು.

ಇವಳು ನಗುತ್ತಲೇ ಬಂಗುಡೆಯ ಬುಟ್ಟಿಗೆ ಬಗ್ಗಿದಳು. ಹಳೆಯ ಅಭ್ಯಾಸ, ಯೋಚಿಸದೆ ಬಗ್ಗಿದ್ದು. ಕಿವಿರಿನ ಕೆಳಗೆ ಹೆಬ್ಬೆರಳು ಹಾಕಿದವಳು ಅಲ್ಲಿಯೇ ನಿಂತುಬಿಟ್ಟಳು. ನಾನು ಸ್ಟೂಲು ಬಿಡಿಸಿದೆ. ಒಂದು ಕೈ ನನ್ನ ಭುಜಕ್ಕೆ ಕೊಟ್ಟು ಅಷ್ಟಷ್ಟೇ ಮೇಲೆದ್ದಳು, ಕೂರಲಿಲ್ಲ. ಮುಖ ಬಿಳಿಚಿತ್ತು, ಮೇಲ್ದುಟಿಯಲ್ಲಿ ಬೆವರು. ಮೀನಿನವಳು ಆಟೊ ಕರೆಸಲೇ ಎಂದು ಕೇಳಿದಳು. ಕರೆಸು ಎಂಬ ಮಾತು ನನ್ನ ನಾಲಿಗೆ ತುದಿಯಲ್ಲಿತ್ತು. ಮನೆಗೆ ಕರೆದೊಯ್ದು ಮಲಗಿಸಿದರೆ ನನಗೆ ನೆಮ್ಮದಿ. ಅವಳಿಗೆ ಅದೇ ಕೊನೆಯ ಕಾಸಿಮೇಡು.

"ಒಂದ್ ನಿಮ್ಷ. ವಾಚ್ ಕಾಣಿ," ಎಂದಳು, ಹಲ್ಲು ಕಚ್ಚಿಕೊಂಡು. "ಅದಾರೂ ಸಮಾ ಮಾಡಿ."

ನೋಡಿದೆ. ಅಷ್ಟು ಉದ್ದದ ನಿಮಿಷವನ್ನು ನಾನು ಯಾವ ಸಿಗ್ನಲ್ಲಿನ ಮುಂದೆಯೂ ಕಳೆದಿಲ್ಲ. ಅವಳು ಮೂಗಿನಿಂದ ಉಸಿರೆಳೆದು ಬಾಯಿಂದ ಬಿಡುತ್ತಿದ್ದಳು, ಕಣ್ಣು ಮಾತ್ರ ಬುಟ್ಟಿಯ ಮೇಲೆ. "ಆಯ್ತ್," ಎಂದೆ.

ಅವಳು ಮತ್ತೆ ಬಗ್ಗಲಿಲ್ಲ. "ನಾನ್ ಕುನಿಯ ಮಾಟ್ಟೇನ್, ನೀ ತೂಕ್ಕಿ ಕಾಟ್ಟು," ಎಂದಳು. ತಾನು ಬಗ್ಗುವುದಿಲ್ಲ, ನೀನೇ ಎತ್ತಿ ತೋರಿಸು ಎಂದು. ಮೀನಿನವಳು ಒಂದೊಂದನ್ನೇ ಬಾಲ ಹಿಡಿದು ಎತ್ತಿದಳು. ಇವಳು ನಿಂತಲ್ಲಿಂದಲೇ ಕಣ್ಣು, ಕಿವಿರು, ಹೊಟ್ಟೆ ನೋಡಿ ಬೇಡ, ಬೇಡ, ಇದು ಇರಲಿ, ಎನ್ನುತ್ತಾ ಹೋದಳು. ಹತ್ತು ಬಂಗುಡೆಗೆ ಕಾಲು ಗಂಟೆ. ಕೊನೆಗೆ ಮೀನಿನವಳು, "ಮಹಾರಾಣಿಗೆ ಬೀಸಣಿಗೆಯನ್ನೂ ಹಿಡಿಯಲೇ?" ಎಂದು ತಮಿಳಿನಲ್ಲಿ ಹಂಗಿಸಿದಳು. "ಮೊದಲು ಆ ಅಂಜಲ್ ಮೀನು ತಿರುಗಿಸು, ಬೀಸಣಿಗೆ ಆಮೇಲೆ," ಎಂದಳು ಇವಳು ಅದೇ ಭಾಷೆಯಲ್ಲಿ. ಬೆಳಕು ಹರಿಯುವ ಹೊತ್ತಿಗೆ ಚೀಲ ತುಂಬಿತ್ತು. ಅದನ್ನು ನಾನು ಹೊತ್ತೆ.

ಮನೆ ಸೇರಿದ್ದು ಎಂಟೂ ಇಪ್ಪತ್ತಕ್ಕೆ. ಅಂಜಲನ್ನೂ ಐದು ಬಂಗುಡೆಯನ್ನೂ ನಾನು ಕೊಯ್ದೆ, ಅವಳು ಕುರ್ಚಿಯಲ್ಲಿ ಕೂತು ತಪ್ಪು ಹಿಡಿದಳು. ಅಂಜಲಿನ ಸಾರಿನಲ್ಲಿ ಉಂಡೆವು. ಮಧ್ಯಾಹ್ನ ಎರಡರ ನಂತರ ನೋವು ಏರಿತು. ಬಿಸಿನೀರಿನ ಚೀಲ ಬೆನ್ನಿಗಿಟ್ಟುಕೊಂಡು ಮಂಚದಲ್ಲಿ ಮಗ್ಗುಲಾದಳು. ನಾನು ಪಕ್ಕದಲ್ಲಿ ಪೇಪರು ಹಿಡಿದು ಕೂತೆ, ಓದಲಿಲ್ಲ. ಇಷ್ಟೆಲ್ಲ ಮಾಡಿದ್ದು ತಪ್ಪಾಯಿತೇ? ಈ ನೋವನ್ನೇ ನೆಪ ಮಾಡಿ ಆಸೆ ಬಿಟ್ಟೆ ಎಂದುಬಿಟ್ಟರೆ?

ನಾಲ್ಕು ಗಂಟೆಗೆ ಕೇಳಿದೆ, "ಹೆಂಗಿತ್?"

"ಜೋರಿತ್," ಎಂದಳು. ಬಿಸಿನೀರಿನ ಚೀಲ ಕೆಳಕ್ಕೆ ಸರಿಸಿಕೊಂಡು, "ಆರೆ ಹೆದ್ರಿಕೆ ಇಲ್ಲೆ. ಬಂದ್ ಆಪು ಮುಂಚೆ ಇನ್ನೊಂದ್ ಆದಿತ್ಯವಾರ ಇತ್ತಲ್ದಾ?"

"ಇತ್ತ್."

"ಹೋಪ. ಆ ಆಟೊ ಬ್ಯಾಡ, ಮೆಲ್ಲ ಬಿಡುವನ್ ಒಬ್ಬನ್ನ ಹುಡ್ಕಿ."

ಆರಕ್ಕೆ ನಡಿಗೆಗೆ ಹೊರಟೆವು. ಎಂದಿನ ಇಪ್ಪತ್ತೈದು ನಿಮಿಷದ ಬದಲು ಹನ್ನೆರಡು. ಬಿಡಲಿಲ್ಲ, ಅಷ್ಟೇ. ತಿರುಗಿ ಬಂದು ಅವಳು ತಗ್ಗು ಮಣೆ ಎಳೆದು ಅಡಿಗೆಮನೆಯ ನೆಲದಲ್ಲಿ ಮೆಟ್ಟುಕತ್ತಿ ಇಟ್ಟುಕೊಂಡು ಕೂತಳು. ಮೂರು ವರ್ಷದಿಂದ ಕೂರದ ಜಾಗ ಅದು. ಉಳಿದ ಐದು ಬಂಗುಡೆ ತಟ್ಟೆಯಲ್ಲಿದ್ದವು. ಪಾದದಡಿ ಕತ್ತಿಯ ಹಲಗೆ ಒತ್ತಿ ಹಿಡಿದು, ಮೊದಲನೆಯದರ ರೆಕ್ಕೆ ತೆಗೆದು, ಹೊಟ್ಟೆ ಸೀಳಿ, ಮೂರು ಗೀರು ಎಳೆದಳು. ಎರಡನೆಯದನ್ನೂ ಹಾಗೆಯೇ. ಐದನ್ನೂ ಮುಗಿಸಿಬಿಡುತ್ತಾಳೆ, ನಾಳೆ ಏಳಲಾರಳು ಎಂದು ನಾನು ಬಾಗಿಲಲ್ಲಿ ನಿಂತು ಲೆಕ್ಕ ಹಾಕುತ್ತಿದ್ದೆ. ಮೂರನೆಯದಕ್ಕೆ ಕೈ ಚಾಚಿದವಳು ಕೈ ಹಿಂದೆಗೆದುಕೊಂಡಳು.

"ನಂಗಿವತ್ತಿಗ್ ಎರಡ್ ಸಾಕ್," ಎಂದಳು. "ಬನ್ನಿ, ಉಳ್ದದ್ ನಿಮ್ಗೆ."

ಗೋಡೆ ಹಿಡಿದು ತಾನೇ ಎದ್ದಳು. ನಾನು ಕೂತೆ. ಮೂರು ಮೀನಿಗೆ ಇಪ್ಪತ್ತು ನಿಮಿಷ ಹಿಡಿಯಿತು, ಒಂದರ ತಲೆ ಓರೆಯಾಯಿತು. ಖಾರ ಹಚ್ಚಿ ಹುರಿದದ್ದು ಅವಳು. ಉಂಡ ಮೇಲೆ ಮೆಟ್ಟುಕತ್ತಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಒರೆಸಿ, ಅಲಗಿಗೆ ತೆಂಗಿನೆಣ್ಣೆ ಸವರಿ, ಬಾಯಿಯನ್ನು ಗೋಡೆಯ ಕಡೆಗೆ ತಿರುಗಿಸಿ ಮೂಲೆಯಲ್ಲಿಟ್ಟೆ. ಆಗ ಎಂಟು ಗಂಟೆ ಹತ್ತು ನಿಮಿಷ.